ಕಬ್ಬಿಣದ ಹೆಸರು, ಗಾಜಿನ ಬಾಟಲಿ: ಸ್ಕಾಟ್ಲೆಂಡಿನ ಐರ್ನ್-ಬ್ರೂ ನಿಂತದ್ದು ಹೇಗೆ?

ಪ್ರಶ್ನೆ: ಗ್ಲಾಸ್ಗೋದಲ್ಲಿ ಕೆಲಸದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಈಚೆಗೆ ಹಾಸನಕ್ಕೆ ಮರಳಿದ್ದೇನೆ. ಅಲ್ಲಿ ಯಾವ ಅಂಗಡಿಗೆ ಹೋದರೂ ‘ಐರ್ನ್-ಬ್ರೂ’ ಎಂಬ ಕಿತ್ತಳೆ ಬಣ್ಣದ ತಂಪು ಪಾನೀಯ ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ನಿಜವಾಗಿಯೂ ಕಬ್ಬಿಣವಿದೆ ಎಂದು ಅಳಿಯ ಹೇಳಿದರು. ಕೋಕಾ-ಕೋಲಾದಂಥ ಕಂಪನಿಯ ಎದುರು ಅಷ್ಟು ಚಿಕ್ಕ ನಾಡಿನ ಪಾನೀಯವೊಂದು ನೂರು ವರ್ಷಕ್ಕೂ ಮೇಲ್ಪಟ್ಟು ನಿಂತದ್ದು ಹೇಗೆ? ನಮ್ಮ ಊರುಗಳ ಗೋಲಿ ಸೋಡಾ, ಕಲರ್ ಸೋಡಾಗಳು ಹಾಗೆ ಯಾಕೆ ನಿಲ್ಲಲಿಲ್ಲ?

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ಸುಳ್ಳಲ್ಲ. ಕಬ್ಬಿಣದ ಲೆಕ್ಕವನ್ನು ಮೊದಲೇ ಮುಗಿಸಿಬಿಡುತ್ತೇನೆ. ಐರ್ನ್-ಬ್ರೂನಲ್ಲಿ ಅಮೋನಿಯಂ ಫೆರಿಕ್ ಸಿಟ್ರೇಟ್ ಎಂಬ ಕಬ್ಬಿಣದ ಲವಣ ಶೇಕಡಾ 0.002ರಷ್ಟು ಇರುತ್ತದೆ. 330 ಮಿಲಿಲೀಟರಿನ ಒಂದು ಕ್ಯಾನಿನಲ್ಲಿ ಅದು ಆರೂವರೆ ಮಿಲಿಗ್ರಾಂ ಆಗುತ್ತದೆ. ಆ ಲವಣದಲ್ಲಿ ಕಬ್ಬಿಣದ ಪಾಲು ಹೆಚ್ಚುಕಡಿಮೆ ಐದರಲ್ಲಿ ಒಂದು ಭಾಗವಾದ್ದರಿಂದ ಹೊಟ್ಟೆ ಸೇರುವ ಕಬ್ಬಿಣ ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು ಅಷ್ಟೆ. ನಮ್ಮಲ್ಲಿ ವಯಸ್ಕ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸರಿಗೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಶಿಫಾರಸು ಮಾಡಿದೆ. ರಕ್ತಹೀನತೆಗೆ ಮದ್ದೆಂದು ಯಾರೂ ಇದನ್ನು ಕುಡಿಯುವ ಹಾಗಿಲ್ಲ. ಅಷ್ಟು ಕಬ್ಬಿಣ ಬೇಕಿದ್ದರೆ ಒಂದು ತಟ್ಟೆ ಹುರುಳಿ ಸಾರಿನ ಅನ್ನವೇ ವಾಸಿ. ಆದರೆ ಈ ಒಂದು ಮಿಲಿಗ್ರಾಂ ಕಬ್ಬಿಣದ ಸುತ್ತಲೇ ಆ ಪಾನೀಯದ ಹೆಸರು, ಅದರ ಜಾಹೀರಾತು, ಕಾನೂನಿನೊಡನೆ ಅದಕ್ಕೆ ಆದ ತಕರಾರು ಎಲ್ಲವೂ ಸುತ್ತಿಕೊಂಡಿರುವುದರಿಂದ ಆ ಮಾತಿಗೆ ಮುಂದೆ ಮತ್ತೆ ಬರಲೇಬೇಕಾಗುತ್ತದೆ.

‘ಹೇಗೆ ನಿಂತಿತು’ ಎಂಬ ನಿಮ್ಮ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಒಂದು, ಬೇರೆಲ್ಲೂ ಸಿಗದ ಗುಟ್ಟಿನ ರುಚಿ. ಇನ್ನೊಂದು, ಸ್ಕಾಟ್ ಜನರ ನಾಡಭಿಮಾನ. ಎರಡರಲ್ಲೂ ಸತ್ಯಾಂಶವಿದೆಯಾದರೂ, ಪಾನೀಯ ತಯಾರಿಕೆಯ ಕಸುಬಿನಲ್ಲೇ ವರ್ಷಗಳನ್ನು ಕಳೆದ ನನಗೆ ಅವೆರಡೂ ಆಮೇಲಿನ ಮಾತುಗಳಾಗಿ ಕಾಣುತ್ತವೆ. ಐರ್ನ್-ಬ್ರೂವನ್ನು ಮೊದಲ ಎಪ್ಪತ್ತು ಎಂಬತ್ತು ವರ್ಷ ಕಾಪಾಡಿದ್ದು ಅದರ ಖಾಲಿ ಬಾಟಲಿ ಮತ್ತು ಆ ಬಾಟಲಿಯನ್ನು ತುಂಬಿಸಿ ತಂದು, ಬರಿದಾದ ಮೇಲೆ ಹೊತ್ತೊಯ್ಯುತ್ತಿದ್ದ ಕಂಪನಿಯ ಸ್ವಂತ ಗಾಡಿ ಎಂಬುದು ನನ್ನ ಅಭಿಪ್ರಾಯ. ಜಾಹೀರಾತು ಬಲು ಸೊಗಸಾಗಿತ್ತು, ನಿಜ. ಆದರೆ ಬಾಟಲಿ ಗೆದ್ದುಕೊಟ್ಟ ನೆಲದ ಮೇಲೆ ಅದು ಬೆಳೆದದ್ದು.

ರುಚಿಯ ಮಾತನ್ನು ಮೊದಲು ನೋಡೋಣ. ‘ಐರನ್ ಬ್ರೂ’ ಎಂಬ ಹೆಸರಿನ ಪಾನೀಯವನ್ನು ಮೊದಲು ಮಾಡಿದವರು ಸ್ಕಾಟ್ಲೆಂಡಿನವರಲ್ಲ. 1889ರಲ್ಲಿ ನ್ಯೂಯಾರ್ಕಿನ ರಾಸಾಯನಿಕ ಕಂಪನಿಯೊಂದು ಆ ಹೆಸರಿನಲ್ಲಿ ಪಾನೀಯ ತಂದಿತ್ತು. 1898ರ ಹೊತ್ತಿಗೆ ಲಂಡನ್ನಿನ ಎಸೆನ್ಸ್ ತಯಾರಕರು ಅದೇ ಹೆಸರಿನ ಎಸೆನ್ಸನ್ನು ಸೋಡಾ ಕಾರ್ಖಾನೆಗಳಿಗೆ ಮಾರುತ್ತಿದ್ದರು. ನಮ್ಮ ತಾಲ್ಲೂಕು ಕೇಂದ್ರಗಳ ಸೋಡಾ ಫ್ಯಾಕ್ಟರಿಯವರು ಪೇಟೆಯಿಂದ ನಿಂಬೆ, ಕಿತ್ತಳೆ, ಪೈನಾಪಲ್ ಎಸೆನ್ಸ್ ಶೀಶೆಗಳನ್ನು ತಂದು ಸಕ್ಕರೆ ಪಾಕಕ್ಕೆ ಬೆರೆಸುತ್ತಿದ್ದಂತೆಯೇ ಬ್ರಿಟನ್ನಿನ ಹತ್ತಾರು ಊರುಗಳಲ್ಲಿ ಹತ್ತಾರು ಮಂದಿ ತಂತಮ್ಮ ಐರನ್ ಬ್ರೂ ಮಾಡಿ ಮಾರುತ್ತಿದ್ದರು. ಬಾರ್ ಮನೆತನದವರು 1901ರಲ್ಲಿ ಅದನ್ನು ತಂದಾಗ ಅವರು ಆ ಸಾಲಿನಲ್ಲಿ ಇನ್ನೊಬ್ಬರು, ಅಷ್ಟೆ.

ಅಷ್ಟು ಊರುಗಳಲ್ಲಿ ಅಷ್ಟು ಮಂದಿ ಇದ್ದುದಕ್ಕೆ ಕಾರಣವೂ ಸರಳ. ತಂಪು ಪಾನೀಯದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೀರನ್ನು ಗಾಜಿನಲ್ಲಿ ತುಂಬಿ ದೂರ ಸಾಗಿಸುವುದೆಂದರೆ ಭಾರ ಹೊರುವುದು, ಒಡೆಯುವುದು, ಖರ್ಚು. ಕುದುರೆ ಗಾಡಿಯ ಕಾಲದಲ್ಲಿ ಒಂದು ಕಾರ್ಖಾನೆಯ ಮಾರುಕಟ್ಟೆ ಎಂದರೆ ಬೆಳಗ್ಗೆ ಹೊರಟ ಗಾಡಿ ಸಂಜೆಗೆ ಮರಳುವಷ್ಟು ದೂರ. ಹಾಗಾಗಿ ಪ್ರಪಂಚದ ಎಲ್ಲ ಕಡೆಯೂ ತಂಪು ಪಾನೀಯ ಮೊದಲಿಗೆ ಊರಿನ ಸರಕೇ ಆಗಿತ್ತು. ದೊಡ್ಡ ಕಂಪನಿಗಳು ಬೆಳೆದದ್ದು ಸಿದ್ಧ ಪಾನೀಯವನ್ನು ಬಿಟ್ಟು ಗಟ್ಟಿ ಪಾಕವನ್ನು ಸಾಗಿಸಿ, ಆಯಾ ಊರಿನ ನೀರನ್ನು ಆಯಾ ಊರಿನವರಿಂದಲೇ ತುಂಬಿಸುವ ಫ್ರಾಂಚೈಸಿ ಪದ್ಧತಿಯಿಂದ.

ಬಾರ್ ಮನೆತನದ ಮೂಲ ಕಸುಬು ಪಾನೀಯದ್ದಲ್ಲ. ಸ್ಕಾಟ್ಲೆಂಡಿನ ಫಾಲ್ಕರ್ಕ್ ಪಟ್ಟಣದಲ್ಲಿ ಅವರು ಬಾಟಲಿಗಳಿಗೆ ಬೆಂಡಿನ ಬಿರಡೆ ಕತ್ತರಿಸುವವರಾಗಿದ್ದರು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಬಿರಡೆಯೇ ಬೇಡದ ಬಾಟಲಿಗೆ ಪೇಟೆಂಟ್ ಪಡೆದ. ಕುತ್ತಿಗೆಯಲ್ಲಿ ಒಂದು ಗಾಜಿನ ಗೋಲಿ, ಬಾಯಿಯೊಳಗೆ ಒಂದು ರಬ್ಬರ್ ಬಳೆ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ನಾವು ಹೆಬ್ಬೆರಳಿನಿಂದ ‘ಟುಸ್’ ಎನ್ನಿಸಿ ಒಳಕ್ಕೆ ತಳ್ಳುತ್ತಿದ್ದ ಗೋಲಿ ಅದೇ. ಅದಾದ ಮೂರು ವರ್ಷಕ್ಕೆ, 1875ರಲ್ಲಿ, ಬಿರಡೆಯ ರಾಬರ್ಟ್ ಬಾರ್ ಸೋಡಾ ತಯಾರಿಕೆಗೆ ಇಳಿದ. ಬಿರಡೆ ಕೊಳ್ಳುವವರು ಕಡಿಮೆಯಾಗುವ ಕಾಲದಲ್ಲಿ ಬಾಟಲಿಯೊಳಗಿನ ಸರಕಿಗೇ ಕೈಹಾಕಿದ್ದು ಜಾಣತನ. ನೀವು ಪ್ರಶ್ನೆಯಲ್ಲಿ ಒಟ್ಟಿಗೆ ಹೆಸರಿಸಿದ ಗೋಲಿ ಸೋಡಾ ಮತ್ತು ಐರ್ನ್-ಬ್ರೂ ಹೀಗೆ ಒಂದೇ ಕಾಲದ, ಒಂದೇ ಬದಲಾವಣೆಯ ಮಕ್ಕಳು.

1887ರಲ್ಲಿ ರಾಬರ್ಟನ ಮಗ ರಾಬರ್ಟ್ ಫುಲ್ಟನ್ ಬಾರ್ ಗ್ಲಾಸ್ಗೋದ ಪಾರ್ಕ್‌ಹೆಡ್ ಭಾಗದಲ್ಲಿ ಇನ್ನೊಂದು ಕಾರ್ಖಾನೆ ತೆರೆದ. 1892ರಲ್ಲಿ ಅದು ಅವನ ತಮ್ಮ ಆಂಡ್ರ್ಯೂ ಗ್ರೆಗ್ ಬಾರ್ ಕೈಗೆ ಬಂತು. ಇಂದಿನ ಎ. ಜಿ. ಬಾರ್ ಕಂಪನಿಯ ಹೆಸರಿನ ಮೊದಲಕ್ಷರಗಳು ಅವನವೇ. ಫಾಲ್ಕರ್ಕ್ ಮತ್ತು ಗ್ಲಾಸ್ಗೋ ಶಾಖೆಗಳು ಬೇರೆ ಬೇರೆ ಕಂಪನಿಗಳಾಗಿಯೇ ನಡೆದು 1959ರಲ್ಲಿ ಒಂದಾದವು. ಗ್ಲಾಸ್ಗೋ ಆಗ ಹಡಗು ಕಟ್ಟುವ, ಉಕ್ಕು ಕಾಯಿಸುವ ನಗರ. ಕುಲುಮೆಯ ಮುಂದೆ ದಿನವಿಡೀ ಬೆವರು ಸುರಿಸುವ ಕೂಲಿಕಾರರ ಬಾಯಾರಿಕೆ ಅಂಥ ಪಾನೀಯಕ್ಕೆ ಸಿದ್ಧ ಮಾರುಕಟ್ಟೆ. ಫಾಲ್ಕರ್ಕಿನಲ್ಲಿ ಅವರ ಗಾಡಿ ಎಳೆಯುತ್ತಿದ್ದ ಕುದುರೆಗಳಲ್ಲಿ ಒಂದು ಎಷ್ಟು ಎತ್ತರವಿತ್ತೆಂದರೆ ಅದಕ್ಕೆ ಆ ಕಾಲದ ದೈತ್ಯ ಬಾಕ್ಸರ್ ಪ್ರಿಮೊ ಕಾರ್ನೆರಾನ ಹೆಸರನ್ನೇ ಇಟ್ಟಿದ್ದರು. ಕುದುರೆಯನ್ನು ನೋಡಲು ನಿಂತ ಮಕ್ಕಳು ಗಾಡಿಯ ಮೇಲಿನ ಹೆಸರನ್ನೂ ಓದಿರುತ್ತಾರೆ.

ಈಗ ಬಾಟಲಿಗೆ ಬರೋಣ. ಬಾರ್ ಕಂಪನಿ ನೂರು ವರ್ಷಕ್ಕೂ ಹೆಚ್ಚು ಕಾಲ ತನ್ನ ಗಾಜಿನ ಬಾಟಲಿಗೆ ಠೇವಣಿ ಪದ್ಧತಿಯನ್ನು ನಡೆಸಿತು. ಗಿರಾಕಿ ಪಾನೀಯದ ಬೆಲೆಯ ಜೊತೆಗೆ ಬಾಟಲಿಗೂ ಕೆಲವು ಪೆನ್ಸ್ (ಪೌಂಡಿನ ಚಿಲ್ಲರೆ) ಕೊಡಬೇಕು, ಖಾಲಿ ಬಾಟಲಿ ಮರಳಿಸಿದರೆ ಆ ಹಣ ಕೈಗೆ. ಕೊನೆಯ ವರ್ಷಗಳಲ್ಲಿ ಆ ಠೇವಣಿ 30 ಪೆನ್ಸ್ ಇತ್ತು. ಸ್ಕಾಟ್ಲೆಂಡಿನಲ್ಲಿ ಈ ಖಾಲಿ ಬಾಟಲಿಗೆ ಜನ ಇಟ್ಟ ಹೆಸರು ‘ಗ್ಲಾಸ್ ಚೆಕ್’, ಎಂದರೆ ಗಾಜಿನ ಚೆಕ್ಕು. ಬ್ಯಾಂಕಿನ ಚೆಕ್ಕಿನ ಹಾಗೆ ಯಾವ ಅಂಗಡಿಯಲ್ಲಾದರೂ ಕೊಟ್ಟು ದುಡ್ಡು ಮಾಡಿಕೊಳ್ಳಬಹುದಿತ್ತು. ಮನೆಯ ಮೆಟ್ಟಿಲ ಕೆಳಗೆ ಕೂಡಿಟ್ಟ ನಾಲ್ಕು ಬಾಟಲಿಗಳನ್ನು ಚೀಲಕ್ಕೆ ತುಂಬಿ ಅಂಗಡಿಗೆ ಒಯ್ದ ಹುಡುಗ ಆ ದುಡ್ಡಿನಲ್ಲಿ ಮಿಠಾಯಿ ಕೊಳ್ಳುತ್ತಾನೆ, ಇಲ್ಲವೇ ಇನ್ನೊಂದು ಬಾಟಲಿಯನ್ನೇ ತರುತ್ತಾನೆ. ಅಂದ ಹಾಗೆ, ಗ್ಲಾಸ್ಗೋದ ಹಳಬರು ಯಾವ ಗ್ಯಾಸಿನ ಪಾನೀಯವನ್ನಾದರೂ ‘ಜಿಂಜರ್’ ಎಂದೇ ಕರೆಯುತ್ತಾರೆ. ಅದರಲ್ಲಿ ಶುಂಠಿ ಇರಬೇಕೆಂದೇನೂ ಇಲ್ಲ. ನಮ್ಮ ಕಡೆಯ ಹಿರಿಯರು ಎಲ್ಲ ಬಣ್ಣದ ಪಾನೀಯವನ್ನೂ ‘ಸೋಡಾ’ ಎಂದಂತೆ.

ಈ ಪದ್ಧತಿ ವ್ಯಾಪಾರಕ್ಕೆ ಏನು ಮಾಡುತ್ತದೆಂಬುದನ್ನು ಅಂಗಡಿಯವನ ಕಡೆಯಿಂದ ನೋಡಬೇಕು. ಅವನ ಹಿಂದಿನ ಕೋಣೆಯಲ್ಲಿ ಖಾಲಿ ಬಾಟಲಿಗಳ ಕ್ರೇಟುಗಳಿವೆ. ಅವು ಅವನ ಪಾಲಿಗೆ ಹಣ. ಆ ಹಣ ಮರಳಿ ಬರುವುದು ಬಾರ್ ಕಂಪನಿಯ ಗಾಡಿ ಬಂದಾಗ ಮಾತ್ರ. ಆದ್ದರಿಂದ ಗಾಡಿ ವಾರವಾರ ಬರುತ್ತದೆ, ಖಾಲಿ ಇಳಿಸಿಕೊಂಡ ಜಾಗಕ್ಕೆ ತುಂಬಿದ ಕ್ರೇಟುಗಳನ್ನು ಇಡುತ್ತದೆ. ‘ಈ ವಾರ ನಿಮ್ಮ ಸರಕು ಬೇಡ’ ಎನ್ನುವುದು ಅಂಗಡಿಯವನಿಗೆ ಅಷ್ಟು ಸುಲಭವಲ್ಲ. ಗಿರಾಕಿಗೂ ಹಾಗೆಯೇ: ಖಾಲಿ ಬಾಟಲಿ ಹಿಡಿದು ಅಂಗಡಿಗೆ ಹೋದವನ ಕೈ ಅದೇ ಬಾಟಲಿಯ ಕಡೆಗೇ ಚಾಚುತ್ತದೆ. ಈ ಸುತ್ತು ಒಮ್ಮೆ ಕೂಡಿಕೊಂಡ ಪ್ರದೇಶಕ್ಕೆ ಹೊರಗಿನ ಕಂಪನಿ ಬರಬೇಕಾದರೆ ಒಳ್ಳೆಯ ಪಾನೀಯ ತಂದರೆ ಸಾಲದು. ಲಕ್ಷಗಟ್ಟಲೆ ಗಾಜು, ಕ್ರೇಟು, ತೊಳೆಯುವ ಯಂತ್ರ ಮತ್ತು ಹಳ್ಳಿಹಳ್ಳಿಗೂ ತಿರುಗುವ ಲಾರಿ ತರಬೇಕು. ಬಾರ್ ಮನೆತನದವರು ಕಾರ್ಖಾನೆ, ಲಾರಿ, ಬಾಟಲಿ ಮೂರನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ನಮ್ಮ ದೇಶದ ಕಥೆ ಬೇರೆಯಾದದ್ದು ಇಲ್ಲೇ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಜಾಹೀರಾತಿನ ಕಡೆಗೆ ತಿರುಗಿದರೆ ಆರಂಭದ ಲೇಬಲ್ಲಿನಲ್ಲಿ ಇದ್ದದ್ದು ಒಬ್ಬ ಪೈಲ್ವಾನನ ಚಿತ್ರ. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಹೈಲ್ಯಾಂಡ್ ಆಟಗಳ ಹೆಸರಾಂತ ಕ್ರೀಡಾಪಟು ಡೊನಾಲ್ಡ್ ಡಿನ್ನಿ ಎಂಬವನಿಂದ ಪ್ರಶಂಸೆಯ ಮಾತನ್ನೂ ಪಡೆದು ಅಚ್ಚು ಹಾಕಿಸಿದ್ದರು. ಕಬ್ಬಿಣ ಎಂದರೆ ಬಲ, ಬಲ ಎಂದರೆ ಈ ಪಾನೀಯ ಎಂಬ ನೇರ ಸಮೀಕರಣ. ಆ ಕಾಲದ ಟಾನಿಕ್ಕುಗಳೆಲ್ಲ ಆಡುತ್ತಿದ್ದ ಮಾತೇ ಇದು, ವಿಶೇಷವೇನಿಲ್ಲ.

ವಿಶೇಷ ಬಂದದ್ದು 1939ರಲ್ಲಿ. ಪತ್ರಿಕೆಗಳಲ್ಲಿ ‘ಬಾ-ಬ್ರೂ’ ಎಂಬ ಹುಡುಗನ ಸಾಹಸಗಳು ಚಿತ್ರಕಥೆಯ ರೂಪದ ಜಾಹೀರಾತಾಗಿ ಬರತೊಡಗಿದವು, 1970ರವರೆಗೂ ಬಂದವು. ಬಾ-ಬ್ರೂ ತಲೆಗೆ ರುಮಾಲು ಸುತ್ತಿದ ಭಾರತದ ಹುಡುಗ. ಅವನ ಜೊತೆಗಾರ ಕಿಲ್ಟ್ (ಸ್ಕಾಟ್ ಗಂಡಸರ ಲಂಗದಂಥ ಉಡುಪು) ತೊಟ್ಟ ಸ್ಕಾಟ್ ಹುಡುಗ ಸ್ಯಾಂಡಿ. ಗ್ಲಾಸ್ಗೋ ಸೆಂಟ್ರಲ್ ರೈಲು ನಿಲ್ದಾಣದ ಬಳಿ ಬಾ-ಬ್ರೂನ ನಿಯಾನ್ ಫಲಕ ಬಹುಕಾಲ ಬೆಳಗುತ್ತಿತ್ತು. ನಿಮ್ಮ ಮಗಳ ಮನೆಯಿಂದ ಆ ನಿಲ್ದಾಣಕ್ಕೆ ನೀವು ಹೋಗಿಯೇ ಇರುತ್ತೀರಿ. ಈ ಪಾತ್ರಕ್ಕೆ ಸ್ಫೂರ್ತಿ ‘ಆನೆ ಹುಡುಗ’ ಸಾಬು ಎಂದು ಕಂಪನಿಯೇ ಹೇಳಿಕೊಂಡಿದೆ. ಸಾಬು ಯಾರೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲವಾದರೂ ಹೊಸ ತಲೆಮಾರಿಗೆಂದು ಬರೆಯುತ್ತೇನೆ: ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಚಿತ್ರೀಕರಣಕ್ಕೆಂದು ಮೈಸೂರಿಗೆ ಬಂದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದ ನಾಯಕನಾಗಿ, ಲಂಡನ್ನಿಗೂ ಅಲ್ಲಿಂದ ಹಾಲಿವುಡ್ಡಿಗೂ ಹೋದವನು. ಹೀಗೆ ಕಬಿನಿ ದಡದ ಹುಡುಗನೊಬ್ಬನ ನೆರಳು ಎರಡೇ ವರ್ಷದಲ್ಲಿ ಸ್ಕಾಟ್ಲೆಂಡಿನ ಸೋಡಾ ಜಾಹೀರಾತಿನ ಮೇಲೆ ಬಿದ್ದಿತು. ಇದರಲ್ಲಿ ಹೆಮ್ಮೆಪಡುವಂಥದ್ದು ಎಷ್ಟಿದೆಯೋ ಕಾಣೆ. ವಸಾಹತು ಕಾಲದ ಬ್ರಿಟನ್ ಭಾರತದ ಹುಡುಗನನ್ನು ಬೆರಗಿನ ಗೊಂಬೆಯಾಗಿ ಕಂಡ ಬಗೆಯೂ ಅದರಲ್ಲಿದೆ.

ಆ ಹೊತ್ತಿಗೆ ಎರಡನೆಯ ಮಹಾಯುದ್ಧ ಬಂತು. 1943ರಲ್ಲಿ ಬ್ರಿಟಿಷ್ ಸರ್ಕಾರ ತಂಪು ಪಾನೀಯದ ಇಡೀ ಉದ್ಯಮವನ್ನು ಒಂದೇ ಸಂಘಟನೆಯ ಕೆಳಗೆ ತಂದು ಬ್ರ್ಯಾಂಡ್ ಹೆಸರುಗಳನ್ನೇ ತೆಗೆದುಹಾಕಿತು. ಸಕ್ಕರೆ, ಪೆಟ್ರೋಲ್, ಆಳು ಯಾವುದೂ ಸಾಲದ ಕಾಲ. ಯಾವ ಕಾರ್ಖಾನೆಯಲ್ಲಿ ತುಂಬಿದರೂ ನಿಗದಿಯಾದ ಕೆಲವೇ ಬಗೆಯ ಪಾನೀಯಗಳನ್ನು ಬರಿಯ ಬಗೆಯ ಹೆಸರಿನಲ್ಲಿ ಮಾರಬೇಕು. ಆ ಪಟ್ಟಿಯಲ್ಲಿ ಐರನ್ ಬ್ರೂ ಇರಲೇ ಇಲ್ಲ. 1948ರವರೆಗೆ, ಅಂದರೆ ಐದು ವರ್ಷ, ಅದು ಅಂಗಡಿಯಲ್ಲಿ ಸಿಗಲಿಲ್ಲ. ಸಾಮಾನ್ಯವಾಗಿ ಐದು ವರ್ಷ ಕಾಣದ ಸರಕನ್ನು ಜನ ಮರೆತೇಬಿಡುತ್ತಾರೆ. ಆದರೆ ಬಾ-ಬ್ರೂ ಎಂಬ ಹೆಸರು ಜನರ ಬಾಯಲ್ಲಿ ಉಳಿದಿತ್ತು.

ಇದೇ ಅವಧಿಯಲ್ಲಿ ಆಹಾರದ ಲೇಬಲ್ಲಿನ ನಿಯಮಗಳು ಬಿಗಿಯಾದವು. ಖನಿಜಾಂಶವಿದೆ ಎಂದು ಹೇಳಿಕೊಳ್ಳುವ ಪಾನೀಯದಲ್ಲಿ ನಿಗದಿತ ಪ್ರಮಾಣದ ಖನಿಜ ಇರಲೇಬೇಕು. ಐರನ್ ಬ್ರೂನಲ್ಲಿ ಇದ್ದ ಕಬ್ಬಿಣ ಮೇಲೆ ಹೇಳಿದಷ್ಟು. ‘ಬ್ರೂ’ ಎಂದರೆ ಭಟ್ಟಿಯಲ್ಲಿ ಹುದುಗಿಸಿದ್ದು ಎಂಬ ಅರ್ಥ ಬರುತ್ತದೆ. ಇದು ಹುದುಗಿಸಿದ ಪಾನೀಯವೂ ಅಲ್ಲ. ಹೆಸರಿನ ಎರಡೂ ಪದ ಸುಳ್ಳಾದವು! 1946ರ ಜುಲೈಯಲ್ಲಿ ಕಂಪನಿ ಹೊಸ ಕಾಗುಣಿತವೊಂದಕ್ಕೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಇಂಗ್ಲಿಷಿನ ‘Iron Brew’ನಲ್ಲಿ ಮೊದಲ ಪದದ ಒಂದು ಅಕ್ಷರ ಬಿಟ್ಟು, ಎರಡನೆಯದರ ಬಾಲ ಬದಲಿಸಿ ‘Irn-Bru’, ಅಂದರೆ ‘ಐರ್ನ್-ಬ್ರೂ’ ಎಂದು ಮಾಡಿದರು. ಕಿವಿಗೆ ಹಳೆಯ ಹೆಸರೇ ಕೇಳುತ್ತದೆ, ಕಾಗದದ ಮೇಲೆ ಅರ್ಥವಿಲ್ಲದ ಹೊಸ ಪದ. ಕಾನೂನು ಅರ್ಥವಿರುವ ಪದವನ್ನು ಪ್ರಶ್ನಿಸಬಹುದು, ಅರ್ಥವಿಲ್ಲದ್ದನ್ನು ಪ್ರಶ್ನಿಸುವುದು ಹೇಗೆ? ಜೊತೆಗೆ ಇನ್ನೊಂದು ಲಾಭ: ‘ಐರನ್ ಬ್ರೂ’ ಎಲ್ಲರೂ ಬಳಸುವ ಸಾಮಾನ್ಯ ಹೆಸರಾಗಿದ್ದುದರಿಂದ ಅದರ ಮೇಲೆ ಯಾರಿಗೂ ಹಕ್ಕಿರಲಿಲ್ಲ, ‘ಐರ್ನ್-ಬ್ರೂ’ ಮಾತ್ರ ಬಾರ್ ಮನೆತನದ್ದೇ. ಬಾ-ಬ್ರೂ ಜಾಹೀರಾತಿನ ಜನಪ್ರಿಯತೆಯನ್ನು ಹೆಸರಿಗೆ ಕಟ್ಟಿಹಾಕುವ ಆಲೋಚನೆಯೂ ಈ ಬದಲಾವಣೆಯ ಹಿಂದೆ ಇತ್ತೆಂದು ಮುಂದೆ ಕಂಪನಿಯ ಅಧ್ಯಕ್ಷರಾದ, ಮನೆತನದ ಇನ್ನೊಬ್ಬ ರಾಬರ್ಟ್ ಬಾರ್ ಹೇಳಿದ್ದಾರೆ. ಮಾರಾಟಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಒಂದು ಹೆಸರು ಬದಲಾವಣೆಯನ್ನು ಒಂದು ಇಡೀ ತರಗತಿಯಷ್ಟು ಹೊತ್ತು ಪಾಠ ಮಾಡಬಹುದು.

1980ರ ದಶಕದಲ್ಲಿ ಕಂಪನಿ ಕಬ್ಬಿಣದ ಹಳೆಯ ಸುಳ್ಳನ್ನು ಇನ್ನೂ ದೊಡ್ಡದು ಮಾಡಿ, ಸ್ಕಾಟ್ಲೆಂಡಿನಲ್ಲಿ ಉಕ್ಕಿನ ತೊಲೆಗಳಿಂದ ತಯಾರಾದ ಪಾನೀಯ ಎಂಬ ಘೋಷವಾಕ್ಯ ತಂದಿತು. ಬಲ ಬರುತ್ತದೆಂದು ಗಂಭೀರವಾಗಿ ಹೇಳಿದರೆ ಕಾನೂನು ಹಿಡಿಯುತ್ತದೆ. ಕಟ್ಟಡದ ತೊಲೆಯನ್ನೇ ಕರಗಿಸಿ ತುಂಬಿದ್ದೇವೆ ಎಂದರೆ ನಗು ಬರುತ್ತದೆ. ಆದರೆ ಆ ನಗುವಿನ ಕೆಳಗೆ ಇನ್ನೊಂದು ಪದರವಿತ್ತು. ಅದೇ ವರ್ಷಗಳಲ್ಲಿ ಗ್ಲಾಸ್ಗೋ ಸುತ್ತಲಿನ ಹಡಗುಕಟ್ಟೆಗಳು, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ರೇವನ್ಸ್‌ಕ್ರೇಗಿನ ದೊಡ್ಡ ಉಕ್ಕಿನ ಕಾರ್ಖಾನೆ 1992ರಲ್ಲಿ ಮುಚ್ಚಿತು. ತಾತ, ತಂದೆ ಕುಲುಮೆಯಲ್ಲಿ ದುಡಿದ ಮನೆಯ ಮಕ್ಕಳಿಗೆ ಕೆಲಸ ಹೋಗಿ ತಮಾಷೆ ಮಾತ್ರ ಉಳಿದ ಹೊತ್ತಿನಲ್ಲಿ ಬಂದ ಜಾಹೀರಾತು ಅದು. ಅದು ಅಷ್ಟು ಆಳಕ್ಕೆ ಇಳಿಯಲು ಇದೂ ಕಾರಣವೆಂದು ನನಗೆ ತೋರುತ್ತದೆ.

ಅಲ್ಲಿಂದ ಮುಂದೆ ಕಂಪನಿ ತುಂಟತನವನ್ನೇ ತನ್ನ ದನಿಯಾಗಿ ಮಾಡಿಕೊಂಡಿತು. 1990ರ ದಶಕದ ಒಂದು ಫಲಕದಲ್ಲಿ ಹಸುವೊಂದು, ತಾನು ಬರ್ಗರ್ ಆದಾಗ ತನ್ನ ಜೊತೆಗೆ ಐರ್ನ್-ಬ್ರೂ ಕುಡಿಯಬೇಕೆಂದು ಆಸೆಪಡುತ್ತಿತ್ತು. ನೂರಾರು ದೂರುಗಳು ಬಂದರೂ ಜಾಹೀರಾತು ಪ್ರಾಧಿಕಾರ ಅವನ್ನು ಎತ್ತಿಹಿಡಿಯಲಿಲ್ಲ. ನಮ್ಮ ದೇಶದ ಯಾವ ಕಂಪನಿಯೂ ಇಂಥದ್ದನ್ನು ಕನಸಿನಲ್ಲೂ ಮಾಡಲಾರದು. ಒಂದು ನಾಡಿನ ಹಾಸ್ಯ ಆ ನಾಡಿಗೇ ಹೊಂದುತ್ತದೆ. ಕೋಕಾ-ಕೋಲಾದ ಕೇಂದ್ರವಾದ ಅಟ್ಲಾಂಟಾದಲ್ಲಿ ಕುಳಿತು ಇನ್ನೂರು ದೇಶಗಳಿಗೆ ಜಾಹೀರಾತು ಮಾಡುವವರು ಗ್ಲಾಸ್ಗೋದ ಗಲ್ಲಿಯ ತಮಾಷೆ ಆಡಲಾರರು. ಪ್ರಾದೇಶಿಕ ಬ್ರ್ಯಾಂಡಿಗಿರುವ ನಿಜವಾದ ಅನುಕೂಲ ಇದು.

ಗುಟ್ಟಿನ ಪಾಕವಿಧಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂವರಿಗೆ ಮಾತ್ರ ಗೊತ್ತು, ಬರೆದಿಟ್ಟ ಪ್ರತಿ ಬ್ಯಾಂಕಿನ ಭದ್ರ ಕೋಣೆಯಲ್ಲಿದೆ, ರಾಬಿನ್ ಬಾರ್ ಕಂಪನಿಯ ಅಧ್ಯಕ್ಷಗಿರಿ ಬಿಟ್ಟ ಮೇಲೂ ಬೀಗ ಹಾಕಿದ ಕೋಣೆಯಲ್ಲಿ ತಾವೇ ಎಸೆನ್ಸ್ ಬೆರೆಸುತ್ತಿದ್ದರು, ಮುಂದೆ ಮಗಳಿಗೆ ಹೇಳಿಕೊಟ್ಟರು ಎಂಬುದೆಲ್ಲ ಸುದ್ದಿಯಾಗಿದೆ. ಮೂವತ್ತೆರಡು ಸುವಾಸನೆಗಳು ಅದರಲ್ಲಿವೆಯೆಂದು ಕಂಪನಿ ಹೇಳುತ್ತದೆ. ಪ್ರಯೋಗಾಲಯದವನಾಗಿ ಹೇಳುವುದಾದರೆ, ಇಂದು ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮೆಟೊಗ್ರಫಿಯ ಮುಂದೆ ಯಾವ ಎಸೆನ್ಸೂ ಪೂರ್ತಿ ಗುಟ್ಟಾಗಿ ಉಳಿಯುವುದಿಲ್ಲ. ಗುಟ್ಟಿನ ಬೆಲೆ ಇರುವುದು ಪತ್ರಿಕೆಗಳು ಅದನ್ನು ಮತ್ತೆ ಮತ್ತೆ ಬರೆಯುವುದರಲ್ಲಿ.

ಸಕ್ಕರೆಯ ಪ್ರಕರಣವನ್ನು ಮಾತ್ರ ವಿವರವಾಗಿ ಹೇಳಬೇಕು. ಬ್ರಿಟನ್ 2018ರ ಏಪ್ರಿಲ್ 6ರಿಂದ ತಂಪು ಪಾನೀಯದ ಮೇಲೆ ಸಕ್ಕರೆ ಸುಂಕ ಹೇರಿತು. ಆರಂಭದ ದರದಲ್ಲಿ, 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಹೆಚ್ಚು ಸಕ್ಕರೆಯಿದ್ದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಅಥವಾ ಹೆಚ್ಚಿದ್ದರೆ 24 ಪೆನ್ಸ್. ಐರ್ನ್-ಬ್ರೂನಲ್ಲಿದ್ದದ್ದು 10.3 ಗ್ರಾಂ. ಸುಂಕ ಬರುವ ಮೊದಲೇ, ಅದೇ ಜನವರಿಯಲ್ಲಿ, ಕಂಪನಿ ಅದನ್ನು 4.7 ಗ್ರಾಂಗೆ ಇಳಿಸಿ ಉಳಿದ ಸಿಹಿಯನ್ನು ಕೃತಕ ಸಿಹಿಕಾರಕಗಳಿಂದ ತುಂಬಿತು. ಕೋಕಾ-ಕೋಲಾ ತನ್ನ ಮೂಲ ಪಾನೀಯವನ್ನು ಮುಟ್ಟದೆ ಸುಂಕವನ್ನು ಬೆಲೆಗೆ ಸೇರಿಸಿತು. ಸ್ಕಾಟ್ಲೆಂಡಿನಲ್ಲಿ ಸಣ್ಣ ದಂಗೆಯೇ ಎದ್ದಿತು: ಹಳೆಯ ರುಚಿ ಬೇಕೆಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು, ಹಳೆಯ ಸರಕನ್ನು ಮನೆಯಲ್ಲಿ ರಾಶಿ ಹಾಕಿಕೊಂಡರು. ಕಂಪನಿ ಜಗ್ಗಲಿಲ್ಲ. ಆದರೆ 2019ರ ಡಿಸೆಂಬರಿನಲ್ಲಿ ‘ಐರ್ನ್-ಬ್ರೂ 1901’ ಎಂಬ ಹೆಸರಿನಲ್ಲಿ, ಹಳೆಯ ಟಿಪ್ಪಣಿ ಪುಸ್ತಕದ ಅಳತೆಯ, ಪೂರ್ತಿ ಸಕ್ಕರೆಯ, ಕೆಫೀನ್ ಇಲ್ಲದ ಪಾನೀಯವನ್ನು 750 ಮಿಲಿಲೀಟರಿನ ಗಾಜಿನ ಬಾಟಲಿಯಲ್ಲಿ ಸೀಮಿತ ಅವಧಿಗೆಂದು ಬಿಟ್ಟಿತು. 2021ರಲ್ಲಿ ಅದನ್ನು ಕಾಯಂ ಮಾಡಿತು. ಕೋಪಗೊಂಡವರ ನೆನಪನ್ನೇ ಹೆಚ್ಚಿನ ಬೆಲೆಗೆ ಮಾರಿದ ಚಾತುರ್ಯ ಇದು. ಮೆಚ್ಚಬೇಕೋ ಬೇಡವೋ ಎಂಬುದನ್ನು ಅವರವರಿಗೆ ಬಿಡುತ್ತೇನೆ.

ಬಾರ್ ಕಂಪನಿ ನಾಡಿನ ಭಾವನೆಯನ್ನೇ ನಂಬಿ ಕುಳಿತದ್ದಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. 1965ರಲ್ಲಿಯೇ ಅದು ಷೇರು ಮಾರುಕಟ್ಟೆಗೆ ಬಂತು. 1972ರಲ್ಲಿ ಇಂಗ್ಲೆಂಡಿನ ಟೈಜರ್ ಎಂಬ ಪಾನೀಯವನ್ನು ಕೊಂಡಿತು. 2008ರಲ್ಲಿ ಕೊಂಡ ರುಬಿಕಾನ್ ಹೆಸರು ನಿಮ್ಮ ಮಗಳಿಗೆ ಖಂಡಿತ ಗೊತ್ತಿರುತ್ತದೆ. ಅಲ್ಲಿನ ದೇಸಿ ಅಂಗಡಿಗಳಲ್ಲಿ ಸಿಗುವ ಮಾವಿನ ಪಾನೀಯ ಅದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಮ್ಮ ಗೋಲಿ ಸೋಡಾದ ಬಾಟಲಿಯೂ ಮರಳಿ ಬರುತ್ತಿತ್ತು. ನಿಂತು ಕುಡಿದು ಅಲ್ಲೇ ಮರಳಿಸುವುದು ರೂಢಿಯಾದ್ದರಿಂದ ಠೇವಣಿಯ ಪ್ರಶ್ನೆಯೂ ಇರಲಿಲ್ಲ. ಆದರೆ ಆ ಬಾಟಲಿಯ ಮೇಲೆ ಹೆಸರಿರುತ್ತಿರಲಿಲ್ಲ. ಇದ್ದರೂ ಗಾಜಿನಲ್ಲಿ ಅಚ್ಚಾದ ಯಾವುದೋ ಊರಿನ ಹೆಸರು. ನಾನು ಚಿಕ್ಕವನಿದ್ದಾಗ ಬಸ್ ನಿಲ್ದಾಣದ ಸೋಡಾ ಅಂಗಡಿಯಲ್ಲಿ ಮರದ ಕ್ರೇಟಿನಿಂದ ತೆಗೆದ ಎರಡು ಬಾಟಲಿಗಳ ಗಾಜಿನ ಮೇಲೆ ಎರಡು ಬೇರೆ ಊರುಗಳ ಹೆಸರು ಓದಿದ್ದೇನೆ. ಒಳಗಿನ ಸೋಡಾ ಮಾತ್ರ ಅದೇ ಬೀದಿಯ ಹಿತ್ತಲಿನಲ್ಲಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ತುಂಬಿದ್ದು. ಬಾಟಲಿ ಹಳೆಯ ಸಾಮಾನಿನವರ ಮೂಲಕ ಊರಿಂದ ಊರಿಗೆ ತಿರುಗುತ್ತಿತ್ತು, ಹೆಸರು ಯಾರದ್ದೂ ಆಗಲಿಲ್ಲ. ಗಿರಾಕಿ ಕೇಳುತ್ತಿದ್ದದ್ದು ‘ಒಂದು ಸೋಡಾ ಕೊಡಿ’ ಎಂದು. ಬ್ರಿಟನ್ನಿನ ‘ಐರನ್ ಬ್ರೂ’ ಎಂಬ ಸಾಮಾನ್ಯ ಹೆಸರಿಗೆ 1946ರಲ್ಲಿ ಬಾರ್ ಮಾಡಿದ್ದನ್ನು ಇಲ್ಲಿ ಯಾರೂ ಮಾಡಲಿಲ್ಲ.

ಹೆಸರು ಮಾಡಿದ ದೊಡ್ಡವರ ಕಥೆ ಬೇರೆ ರೀತಿಯದು. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟ ಮೇಲೆ ಪಾರ್ಲೆ ಕಂಪನಿಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಎಲ್ಲೆಡೆ ಹರಡಿದವು. ಆದರೆ ಪಾರ್ಲೆಯ ಬಹುಪಾಲು ಬಾಟಲಿ ತುಂಬುವ ಘಟಕಗಳು ಫ್ರಾಂಚೈಸಿಗಳ ಕೈಯಲ್ಲಿದ್ದವು. ಗಾಜು, ಕ್ರೇಟು, ಲಾರಿ ಎಲ್ಲ ಅವರದು. ಕೋಕಾ-ಕೋಲಾ ಮರಳಿ ಬಂದಾಗ ಆ ಘಟಕಗಳು ಅತ್ತ ವಾಲಿದರೆ ಪಾರ್ಲೆಯ ಬಳಿ ಹೆಸರು ಮಾತ್ರ ಉಳಿಯುತ್ತಿತ್ತು. 1993ರಲ್ಲಿ ಪಾರ್ಲೆ ತನ್ನ ಈ ಹೆಸರುಗಳನ್ನು ಕೋಕಾ-ಕೋಲಾಗೇ ಮಾರಿತು. ಆಮೇಲೆ ಥಮ್ಸ್ ಅಪ್ ಉಳಿಯಿತು, ಗೋಲ್ಡ್ ಸ್ಪಾಟ್ ಅಳಿಯಿತು.

ಪೆಟ್ ಎಂಬ ಪ್ಲಾಸ್ಟಿಕ್ಕಿನ ಬಾಟಲಿ ಬಂದ ಮೇಲೆ ಲೆಕ್ಕ ಮತ್ತೆ ಬದಲಾಗಿದೆ. ಗಾಜು, ಮರಳಿ ತರುವ ಲಾರಿ ಯಾವುದೂ ಬೇಡವಾದ್ದರಿಂದ ಸಣ್ಣವರೂ ದೂರ ಹೋಗಬಹುದು. 2000ದ ಸುಮಾರಿಗೆ ಕುಡಿಯುವ ನೀರಿನ ಬಾಟಲಿಯಿಂದ ಶುರುವಾಗಿ ಬಳಿಕ ಜೀರಿಗೆ ಪಾನೀಯಕ್ಕೆ ಬಂದ ಪುತ್ತೂರಿನ ಬಿಂದು ನಿಮ್ಮ ಹಾಸನದ ಅಂಗಡಿಗಳಲ್ಲೂ ಕಾಣುತ್ತದಲ್ಲ, ಅದು ಈ ಕಾಲದ ಕೂಸು. ಕೋಲಾದ ರುಚಿಗೆ ಪೈಪೋಟಿ ಮಾಡದೆ, ಊಟದ ನಂತರ ಜೀರಿಗೆ ನೀರು ಕುಡಿಯುವವರ ನಾಲಿಗೆಗೆ ಸಲ್ಲುವುದನ್ನು ಕೊಟ್ಟದ್ದು ಅದರ ಜಾಣತನ. ಆದರೆ ಪೆಟ್ ಬಾಟಲಿ ಒಬ್ಬರಿಗೆ ತೆರೆದ ಬಾಗಿಲು ಎಲ್ಲರಿಗೂ ತೆರೆದದ್ದೇ. ಅಂಗಡಿಯವನನ್ನು ಕಟ್ಟಿಹಾಕುವ ಗಾಜಿನ ಚೆಕ್ಕು ಇಲ್ಲಿ ಇಲ್ಲ. ಆ ಜಾಗಕ್ಕೆ ಈಗ ಬಂದಿರುವುದು ದೊಡ್ಡ ಕಂಪನಿಗಳು ಅಂಗಡಿಗೆ ಕೊಡುವ ಗಾಜಿನ ಬಾಗಿಲಿನ ಫ್ರಿಜ್.

ತೆರಿಗೆಯ ವ್ಯತ್ಯಾಸವನ್ನೂ ಗಮನಿಸಿ. ಬ್ರಿಟನ್ನಿನ ಸುಂಕ ಸಕ್ಕರೆಯ ಅಳತೆಗೆ ತಕ್ಕಂತೆ. ವರ್ಷಕ್ಕೆ ಹತ್ತು ಲಕ್ಷ ಲೀಟರಿಗಿಂತ ಕಡಿಮೆ ತಯಾರಿಸುವ ಸಣ್ಣವರಿಗೆ ಅದು ಇಲ್ಲವೇ ಇಲ್ಲ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಕ್ಕರೆಯೂ ಸುವಾಸನೆಯೂ ಇಲ್ಲದ ಬರಿಯ ಸೋಡಾಕ್ಕೆ ಶೇಕಡಾ 5 ಜಿಎಸ್‌ಟಿ. ಅದೇ ಗೋಲಿ ಬಾಟಲಿಗೆ ಒಂದಿಷ್ಟು ಸಕ್ಕರೆ ಪಾಕ, ಎರಡು ಹನಿ ನಿಂಬೆ ಎಸೆನ್ಸ್ ಬಿದ್ದರೆ ಶೇಕಡಾ 40. ಸಕ್ಕರೆ ಅರ್ಧಕ್ಕೆ ಇಳಿಸಿದರೂ ಅದೇ 40. ಸಣ್ಣ ವ್ಯಾಪಾರಿಗಳು ಸರಳ, ಕಡಿಮೆ ದರದಲ್ಲಿ ತೆರಿಗೆ ಕಟ್ಟಲೆಂದು ಇರುವ ಕಾಂಪೊಸಿಷನ್ ಯೋಜನೆಯೂ ಗ್ಯಾಸಿನ ಪಾನೀಯ ತಯಾರಕರಿಗೆ ಅನ್ವಯಿಸುವುದಿಲ್ಲ. ಈಚೆಗೆ ನಗರಗಳಲ್ಲಿ ಹೊಸ ವೇಷದಲ್ಲಿ ಕಾಣುತ್ತಿರುವ ಗೋಲಿ ಸೋಡಾ ಉದ್ಯಮಿಗಳು ನನ್ನನ್ನು ಸಲಹೆ ಕೇಳಿದಾಗ ಎಸೆನ್ಸಿನ ಮಾತಿಗೆ ಮೊದಲು ನಾನು ಈ ಲೆಕ್ಕವನ್ನೇ ಕೊಡುತ್ತೇನೆ.

ಕೊನೆಗೆ ಆ ಗಾಜಿನ ಚೆಕ್ಕಿನ ಗತಿ ಏನಾಯಿತೆಂದು ಹೇಳುತ್ತೇನೆ. ಹಿಂದೆ ಹತ್ತರಲ್ಲಿ ಒಂಬತ್ತು ಬಾಟಲಿಗಳು ಮರಳುತ್ತಿದ್ದವು. ಸೂಪರ್ ಮಾರ್ಕೆಟ್ಟುಗಳೂ ಬೀದಿಬೀದಿಯ ಮರುಬಳಕೆ ತೊಟ್ಟಿಗಳೂ ಬಂದ ಮೇಲೆ ಅದು ಎರಡಕ್ಕೆ ಒಂದರಷ್ಟಾಯಿತು. ಬಾಟಲಿಗಳನ್ನು ಮರಳಿ ತಂದು ತೊಳೆಯುವುದು ಗಿಟ್ಟದ ಹಂತ ತಲುಪಿದಾಗ, 2015ರ ಡಿಸೆಂಬರ್ 31ಕ್ಕೆ ಕಂಪನಿ ಠೇವಣಿ ಪದ್ಧತಿಯನ್ನು ನಿಲ್ಲಿಸಿತು. ಈಗ ಸರ್ಕಾರವೇ ಠೇವಣಿ ಯೋಜನೆಯೊಂದನ್ನು ತರುತ್ತಿದ್ದು, ಸ್ಕಾಟ್ಲೆಂಡಿನಲ್ಲಿ ಅದು 2027ರ ಅಕ್ಟೋಬರಿನಲ್ಲಿ ಜಾರಿಗೆ ಬರಬೇಕಾಗಿದೆ. ನೀವು ಮತ್ತೆ ಮಗಳ ಮನೆಗೆ ಹೋಗುವ ಹೊತ್ತಿಗೆ ಐರ್ನ್-ಬ್ರೂನ ಖಾಲಿ ಕ್ಯಾನನ್ನೂ ಪ್ಲಾಸ್ಟಿಕ್ ಬಾಟಲಿಯನ್ನೂ ಅಂಗಡಿಗೆ ಮರಳಿಸಿ ದುಡ್ಡು ಪಡೆಯಬಹುದು. ಗಾಜಿನ ಬಾಟಲಿ ಮಾತ್ರ ಆ ಯೋಜನೆಯಲ್ಲಿ ಇಲ್ಲ.